ಯು-೨ ಘಟನೆ (೧೯೬೦)

ಯು-೨ ಘಟನೆ ಎಂಬುದು ೧೯೬೦ರ ಮೇ ೧ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಬೇಹುಗಾರಿಕಾ ವಿಮಾನವೊಂದನ್ನು ಸೋವಿಯತ್ ಒಕ್ಕೂಟವು ತನ್ನ ವಾಯುಪ್ರದೇಶದೊಳಗೆ ಕ್ಷಿಪಣಿಯಿಂದ ಹೊಡೆದುರುಳಿಸಿದ ಪ್ರಸಂಗಕ್ಕೂ ಅದರ ಬೆನ್ನಲ್ಲೇ ಉಂಟಾದ ರಾಜತಾಂತ್ರಿಕ ಬಿಕ್ಕಟ್ಟಿಗೂ ಇರುವ ಹೆಸರು. ವಿಮಾನದ ಚಾಲಕ ಫ್ರಾನ್ಸಿಸ್ ಗ್ಯಾರಿ ಪವರ್ಸ್ ಜೀವಂತವಾಗಿ ಸೆರೆ ಸಿಕ್ಕರು. ಎರಡು ವಾರಗಳ ನಂತರ ಪ್ಯಾರಿಸ್ಸಿನಲ್ಲಿ ನಡೆಯಬೇಕಾಗಿದ್ದ ನಾಲ್ಕು ಮಹಾಶಕ್ತಿಗಳ ಶೃಂಗಸಭೆ ಇದರಿಂದಾಗಿ ಮುರಿದುಬಿದ್ದಿತು. ಶೀತಲ ಸಮರದ ಕಾಲದಲ್ಲಿ ವಾಯುಪ್ರದೇಶ ಉಲ್ಲಂಘನೆಯ ಪ್ರಕರಣಗಳು ಹಲವಾರು ನಡೆದಿದ್ದರೂ, ಎರಡು ರಾಷ್ಟ್ರಗಳ ಸಂಬಂಧದ ದಿಕ್ಕನ್ನೇ ಬದಲಿಸಿದ ಪ್ರಕರಣಗಳಲ್ಲಿ ಇದು ಪ್ರಮುಖವಾದುದು.

ಈ ಘಟನೆಯಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಅಮೆರಿಕದ ವಿಮಾನಗಳು ತನ್ನ ನೆಲದ ಮೇಲೆ ಹಾರುತ್ತಿರುವುದು ಸೋವಿಯತ್ ಸರ್ಕಾರಕ್ಕೆ ನಾಲ್ಕು ವರ್ಷಗಳಿಂದಲೂ ತಿಳಿದಿತ್ತು. ಅದಕ್ಕೆ ತಿಳಿದಿದೆ ಎಂಬುದು ಅಮೆರಿಕಕ್ಕೂ ತಿಳಿದಿತ್ತು. ತಿಳಿಯದೆ ಇದ್ದವರು ಎರಡೂ ದೇಶಗಳ ಜನಸಾಮಾನ್ಯರು ಮಾತ್ರ. ಆದುದರಿಂದ ಬಿಕ್ಕಟ್ಟಿಗೆ ಕಾರಣವಾದುದು ಉಲ್ಲಂಘನೆ ಎನ್ನುವುದಕ್ಕಿಂತ, ಗುಟ್ಟಾಗಿದ್ದ ಉಲ್ಲಂಘನೆಯು ಬಯಲಿಗೆ ಬಂದ ರೀತಿ ಮತ್ತು ಅದನ್ನು ಮುಚ್ಚಿಡಲು ಹೇಳಿದ ಸುಳ್ಳುಗಳು ಎನ್ನುವುದು ಹೆಚ್ಚು ಸರಿಯಾದೀತು.

ವಾಯುಪ್ರದೇಶ ಮತ್ತು ಕಾನೂನು

ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ಭೂಪ್ರದೇಶ ಹಾಗೂ ತನ್ನ ಕರಾವಳಿಗೆ ಸೇರಿದ ಜಲಪ್ರದೇಶದ ಮೇಲಿನ ಆಕಾಶದಲ್ಲಿ ಪೂರ್ಣ ಸಾರ್ವಭೌಮತ್ವವಿದೆ ಎಂಬ ತತ್ತ್ವವನ್ನು ೧೯೧೯ರ ಪ್ಯಾರಿಸ್ ಒಡಂಬಡಿಕೆಯೂ, ಅನಂತರ ೧೯೪೪ರ ಡಿಸೆಂಬರ್ ೭ರಂದು ಸಹಿಯಾದ ಷಿಕಾಗೋ ಒಡಂಬಡಿಕೆಯೂ ಅಂಗೀಕರಿಸಿವೆ. ಷಿಕಾಗೋ ಒಡಂಬಡಿಕೆಯ ಮೂರನೆಯ ವಿಧಿಯ ಪ್ರಕಾರ ಸೈನಿಕ, ಸುಂಕ ಮತ್ತು ಪೊಲೀಸ್ ಸೇವೆಯ ವಿಮಾನಗಳು ಅನುಮತಿಯಿಲ್ಲದೆ ಪರರಾಷ್ಟ್ರದ ಮೇಲೆ ಹಾರುವಂತಿಲ್ಲ. ಸೋವಿಯತ್ ಒಕ್ಕೂಟ ಆಗಿನ್ನೂ ಈ ಒಡಂಬಡಿಕೆಗೆ ಸೇರಿರಲಿಲ್ಲ. ಅದು ಸೇರಿದ್ದು ೧೯೭೦ರಲ್ಲಿ. ಆದರೂ ಈ ತತ್ತ್ವವು ಸಂಪ್ರದಾಯಸಿದ್ಧವಾದ ಅಂತರರಾಷ್ಟ್ರೀಯ ಕಾನೂನೆಂದು ಎಲ್ಲರೂ ಒಪ್ಪಿದ್ದರು. ಸಮುದ್ರದಲ್ಲಿ ಪರದೇಶದ ಹಡಗಿಗೆ ನಿರುಪದ್ರವಿಯಾಗಿ ಹಾದುಹೋಗುವ ಹಕ್ಕು ಉಂಟು. ಆಕಾಶದಲ್ಲಿ ವಿಮಾನಕ್ಕೆ ಅಂಥ ಹಕ್ಕಿಲ್ಲ. ಹೀಗಾಗಿ ೧೯೬೦ರ ಹಾರಾಟ ಕಾನೂನುಬಾಹಿರವಾಗಿತ್ತೇ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದ ಕಷ್ಟವಿಲ್ಲ. ಅಮೆರಿಕ ಕೂಡ ಅದನ್ನು ಕಾನೂನಿನ ನೆಲೆಯಲ್ಲಿ ಸಮರ್ಥಿಸಿಕೊಳ್ಳಲಿಲ್ಲ, ಅವಶ್ಯಕತೆಯ ನೆಲೆಯಲ್ಲಿ ಸಮರ್ಥಿಸಿಕೊಂಡಿತು.

ಹಿನ್ನೆಲೆ

ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಸೋವಿಯತ್ ಒಕ್ಕೂಟದೊಳಗೆ ಏನು ನಡೆಯುತ್ತಿದೆ ಎಂಬುದು ಹೊರಜಗತ್ತಿಗೆ ಬಹುಮಟ್ಟಿಗೆ ಕಾಣದ ವಿಷಯವಾಗಿತ್ತು. ಅಲ್ಲಿ ಎಷ್ಟು ಬಾಂಬರ್ ವಿಮಾನಗಳಿವೆ, ಅಣ್ವಸ್ತ್ರಗಳನ್ನು ಎಲ್ಲಿ ತಯಾರಿಸುತ್ತಾರೆ ಎಂಬುದನ್ನು ಅಮೆರಿಕ ಊಹೆಯಿಂದಲೇ ಲೆಕ್ಕ ಹಾಕಬೇಕಾಗಿತ್ತು. ಪರ್ಲ್ ಹಾರ್ಬರಿನ ಮೇಲೆ ೧೯೪೧ರಲ್ಲಿ ನಡೆದ ಹಠಾತ್ ದಾಳಿಯ ನೆನಪು ಆ ಪೀಳಿಗೆಯ ನಾಯಕರ ಮನಸ್ಸಿನಿಂದ ಮಾಸಿರಲಿಲ್ಲ.

೧೯೫೫ರ ಜುಲೈ ೨೧ರಂದು ಜಿನೀವಾ ಶೃಂಗಸಭೆಯಲ್ಲಿ ಅಮೆರಿಕದ ಅಧ್ಯಕ್ಷ ಡ್ವೈಟ್ ಐಸೆನ್‌ಹೋವರ್ ಅವರು ಒಂದು ಅನಿರೀಕ್ಷಿತ ಸಲಹೆಯನ್ನು ಮುಂದಿಟ್ಟರು. ಎರಡೂ ರಾಷ್ಟ್ರಗಳು ತಮ್ಮ ಸೈನಿಕ ನೆಲೆಗಳ ನಕ್ಷೆಗಳನ್ನು ಪರಸ್ಪರ ವಿನಿಮಯ ಮಾಡಿಕೊಂಡು, ಒಬ್ಬರ ನೆಲದ ಮೇಲೆ ಇನ್ನೊಬ್ಬರು ವಿಮಾನದಿಂದ ಛಾಯಾಚಿತ್ರ ತೆಗೆಯಲು ಅವಕಾಶ ಕೊಡಬೇಕೆಂಬುದು ಅದರ ಸಾರ. ‘ಮುಕ್ತ ಆಕಾಶ’ ಎಂದು ಹೆಸರಾದ ಈ ಸಲಹೆಯನ್ನು ನಿಕಿಟಾ ಕ್ರುಶ್ಚೇವ್ ಅವರು ಬೇಹುಗಾರಿಕೆಯ ಇನ್ನೊಂದು ರೂಪವೆಂದು ಹೇಳಿ ತಳ್ಳಿಹಾಕಿದರು. ಅವರ ನಿರಾಕರಣೆಗೆ ಸಂಶಯದ ಜೊತೆಗೆ ಇನ್ನೊಂದು ಕಾರಣವೂ ಇತ್ತು. ತಮ್ಮ ಬಲ ಹೊರಗಿನವರು ತಿಳಿದಷ್ಟು ದೊಡ್ಡದಲ್ಲ ಎಂಬುದು ಅವರಿಗೆ ಗೊತ್ತಿತ್ತು. ಆಕಾಶ ತೆರೆದರೆ ಆ ಗುಟ್ಟು ರಟ್ಟಾಗುತ್ತಿತ್ತು.

ಜಿನೀವಾದಲ್ಲಿ ಈ ಮಾತುಕತೆ ನಡೆಯುತ್ತಿದ್ದಾಗಲೇ, ಕೇಳದೆಯೇ ನೋಡುವ ಸಾಧನವೊಂದು ಅಮೆರಿಕದ ನೆವಾಡ ರಾಜ್ಯದ ಮರುಭೂಮಿಯಲ್ಲಿ ಸಿದ್ಧವಾಗುತ್ತಿತ್ತು.

ಯು-೨ ವಿಮಾನ

ಲಾಕ್‌ಹೀಡ್ ಕಂಪನಿಯ ಕೆಲ್ಲಿ ಜಾನ್ಸನ್ ವಿನ್ಯಾಸಗೊಳಿಸಿದ ಯು-೨ ವಿಮಾನವು ಗ್ರೂಮ್ ಲೇಕ್ ಎಂಬಲ್ಲಿ ೧೯೫೫ರ ಆಗಸ್ಟ್ ತಿಂಗಳಲ್ಲಿ ಮೊದಲ ಬಾರಿಗೆ ಹಾರಿತು. ಇದರ ಹಾರಾಟಗಳ ಹೊಣೆಯನ್ನು ವಾಯುಪಡೆಗೆ ಕೊಡದೆ ಕೇಂದ್ರೀಯ ಗುಪ್ತಚರ ಸಂಸ್ಥೆಯಾದ ಸಿಐಎಗೆ ವಹಿಸಲಾಗಿತ್ತು. ಯೋಜನೆಯ ಮುಖ್ಯಸ್ಥರು ರಿಚರ್ಡ್ ಬಿಸ್ಸೆಲ್.

ಒಂದೇ ಎಂಜಿನ್ನಿನ, ಒಬ್ಬನೇ ಚಾಲಕನ ಈ ವಿಮಾನವನ್ನು ಎಂಜಿನ್ ಕಟ್ಟಿದ ಗ್ಲೈಡರ್ ಎಂದರೆ ತಪ್ಪಾಗದು. ದೇಹದ ಉದ್ದ ಸುಮಾರು ೫೦ ಅಡಿಯಾದರೆ ರೆಕ್ಕೆಗಳ ಹರವು ೮೦ ಅಡಿ. ತೂಕ ಉಳಿಸುವ ಸಲುವಾಗಿ ಗಾಲಿಗಳನ್ನು ಸೈಕಲ್ಲಿನಂತೆ ಹಿಂದೆ ಮುಂದೆ ಒಂದೇ ಸಾಲಿನಲ್ಲಿ ಜೋಡಿಸಿದ್ದರು. ರೆಕ್ಕೆಗಳಿಗೆ ಆಸರೆಯಾಗಿದ್ದ ಪುಟ್ಟ ಗಾಲಿಗಳು ವಿಮಾನ ಮೇಲೇರುವಾಗ ಕಳಚಿ ಬೀಳುತ್ತಿದ್ದವು. ಇದು ಸುಮಾರು ೭೦,೦೦೦ ಅಡಿ, ಅಂದರೆ ೨೧ ಕಿ.ಮೀ. ಎತ್ತರದಲ್ಲಿ ಗಂಟೆಗಟ್ಟಲೆ ಹಾರಬಲ್ಲದಾಗಿತ್ತು. ಆ ತೆಳುವಾದ ಗಾಳಿಯಲ್ಲಿ ವೇಗ ಸ್ವಲ್ಪ ತಗ್ಗಿದರೆ ವಿಮಾನ ನಿಲ್ಲದೆ ಕುಸಿಯುತ್ತಿತ್ತು, ಸ್ವಲ್ಪ ಹೆಚ್ಚಿದರೆ ಅದುರಿ ಒಡೆಯುವ ಅಪಾಯವಿತ್ತು. ಎರಡರ ನಡುವಿನ ಅಂತರ ಬಹಳ ಕಿರಿದು. ಚಾಲಕನು ಒತ್ತಡದ ಉಡುಪು ಧರಿಸಿ, ಹಾರುವ ಮೊದಲೇ ಬಹಳ ಹೊತ್ತು ಶುದ್ಧ ಆಮ್ಲಜನಕವನ್ನು ಉಸಿರಾಡಬೇಕಾಗಿತ್ತು. ವಿಮಾನದಲ್ಲಿ ಆಯುಧಗಳಿರಲಿಲ್ಲ. ಇದ್ದದ್ದು ಕ್ಯಾಮೆರಾ, ರಾಡಾರ್ ಸಂಕೇತಗಳನ್ನು ದಾಖಲಿಸುವ ಉಪಕರಣ ಮತ್ತು ವೈರಿಯ ಕೈಗೆ ಸಿಗಬಾರದೆಂದು ಇರಿಸಿದ್ದ ಒಂದು ಸ್ಫೋಟಕ.

ನಾಲ್ಕು ವರ್ಷಗಳ ಮೌನ

ಸೋವಿಯತ್ ನೆಲದ ಮೇಲಿನ ಮೊದಲ ಹಾರಾಟ ೧೯೫೬ರ ಜುಲೈ ೪ರಂದು ಪಶ್ಚಿಮ ಜರ್ಮನಿಯ ವೀಸ್‌ಬಾಡೆನ್‌ನಿಂದ ಹೊರಟು ಲೆನಿನ್‌ಗ್ರಾಡ್ ಮೇಲೆ ಸಾಗಿತು. ಮರುದಿನದ ವಿಮಾನ ಮಾಸ್ಕೋದ ಮೇಲೆ ಹಾರಿತು. ಅಷ್ಟು ಎತ್ತರದ ವಿಮಾನವನ್ನು ಸೋವಿಯತ್ ರಾಡಾರ್‌ಗಳು ಸರಿಯಾಗಿ ಗುರುತಿಸಲಾರವು ಎಂಬುದು ಯೋಜಕರ ನಂಬಿಕೆಯಾಗಿತ್ತು. ಆ ನಂಬಿಕೆ ಮೊದಲ ದಿನವೇ ಸುಳ್ಳಾಯಿತು. ರಾಡಾರ್‌ಗಳು ವಿಮಾನವನ್ನು ಹಿಂಬಾಲಿಸಿದವು. ಯುದ್ಧವಿಮಾನಗಳು ಕೆಳಗಿನಿಂದ ಮೇಲೇರಲು ಹೆಣಗಿದವು, ಆದರೆ ಅಷ್ಟು ಎತ್ತರಕ್ಕೆ ತಲುಪಲಾಗಲಿಲ್ಲ.

ಜುಲೈ ೧೦ರಂದು ಸೋವಿಯತ್ ಒಕ್ಕೂಟ ಪ್ರತಿಭಟನೆ ಸಲ್ಲಿಸಿತು. ಅಮೆರಿಕದ ಯಾವ ಸೈನಿಕ ವಿಮಾನವೂ ಸೋವಿಯತ್ ಗಡಿಯನ್ನು ದಾಟಿಲ್ಲ ಎಂದು ಅಮೆರಿಕ ಉತ್ತರಿಸಿತು. ಯು-೨ ವಿಮಾನಗಳು ಸಿಐಎಗೆ ಸೇರಿದ್ದರಿಂದ, ಅವುಗಳ ಚಾಲಕರು ವಾಯುಪಡೆಯ ಹುದ್ದೆ ಬಿಟ್ಟು ಬಂದವರಾಗಿದ್ದರಿಂದ, ಈ ಮಾತು ಅಕ್ಷರಶಃ ನಿಜವಾಗಿತ್ತು. ಧರ್ಮರಾಯನ ‘ಅಶ್ವತ್ಥಾಮ ಹತಃ’ ಎಂಬ ಮಾತು ಎಷ್ಟು ನಿಜವೋ ಅಷ್ಟು.

ಇದಾದ ಮೇಲೆ ಒಂದು ವಿಚಿತ್ರ ಮೌನ ನೆಲೆಸಿತು. ಕ್ರುಶ್ಚೇವ್ ಅವರು ಈ ವಿಷಯವನ್ನು ಬಹಿರಂಗವಾಗಿ ಎತ್ತಿದರೆ, ತಮ್ಮ ರಾಜಧಾನಿಯ ಮೇಲೆ ಹಾರಿದ ವಿಮಾನವನ್ನು ತಮಗೆ ಹೊಡೆಯಲಾಗಲಿಲ್ಲ ಎಂದು ಸ್ವಂತ ಜನರ ಮುಂದೆ ಒಪ್ಪಿಕೊಂಡಂತಾಗುತ್ತಿತ್ತು. ಐಸೆನ್‌ಹೋವರ್ ಅವರಿಗೂ ನೆಮ್ಮದಿಯಿರಲಿಲ್ಲ. ಸೋವಿಯತ್ ನೆಲದ ಮೇಲಿನ ಹಾರಾಟಗಳಿಗೆ ಅವರೇ ಖುದ್ದಾಗಿ ಒಪ್ಪಿಗೆ ನೀಡಬೇಕಾಗಿತ್ತು. ಅವರು ಹಲವು ಬಾರಿ ತಿಂಗಳುಗಟ್ಟಲೆ ಅನುಮತಿ ಕೊಡದೆ ತಡೆದರು. ಆದುದರಿಂದಲೇ ನಾಲ್ಕು ವರ್ಷಗಳಲ್ಲಿ ಸೋವಿಯತ್ ನೆಲದ ಮೇಲೆ ನಡೆದ ಹಾರಾಟಗಳು ೨೪ ಮಾತ್ರ.

ಈ ಹಾರಾಟಗಳಿಂದ ದೊರೆತ ಮಾಹಿತಿ ಅಮೂಲ್ಯವಾಗಿತ್ತು. ಬಾಂಬರ್‌ಗಳ ಸಂಖ್ಯೆಯಲ್ಲಿ ಸೋವಿಯತ್ ಒಕ್ಕೂಟ ಅಮೆರಿಕವನ್ನು ಮೀರಿಸಿದೆ ಎಂಬ ಭಯ ಆಧಾರವಿಲ್ಲದ್ದೆಂದು ತಿಳಿದುಬಂದಿತು. ೧೯೫೭ರ ಅಕ್ಟೋಬರ್ ೪ರಂದು ಸ್ಪುಟ್ನಿಕ್ ಕಕ್ಷೆಗೇರಿದ ನಂತರ ಹುಟ್ಟಿಕೊಂಡ ‘ಕ್ಷಿಪಣಿಗಳ ಅಂತರ’ ಎಂಬ ಗುಲ್ಲಿಗೂ ಈ ಚಿತ್ರಗಳಲ್ಲಿ ಪುರಾವೆ ಸಿಗಲಿಲ್ಲ. ಆದರೆ ಚಿತ್ರಗಳನ್ನು ಹೊರಗೆ ತೋರಿಸುವಂತಿರಲಿಲ್ಲ. ಅಧ್ಯಕ್ಷರು ದುರ್ಬಲರಾಗಿದ್ದಾರೆ ಎಂದು ವಿರೋಧಿಗಳು ಟೀಕಿಸುತ್ತಿದ್ದಾಗ, ಉತ್ತರ ಕೈಯಲ್ಲಿದ್ದೂ ಅವರು ಸುಮ್ಮನಿರಬೇಕಾಯಿತು. ಯುದ್ಧದ ಭಯವನ್ನು ತಗ್ಗಿಸಬಲ್ಲ ಮಾಹಿತಿಯೇ ಯುದ್ಧದ ಭಯ ಹುಟ್ಟಿಸಬಲ್ಲ ರೀತಿಯಲ್ಲಿ ಸಂಗ್ರಹವಾಗುತ್ತಿತ್ತು ಎಂಬುದು ಈ ಪ್ರಕರಣದ ಒಳಗಿನ ತೊಡಕು.

೧೯೬೦ರ ಮೇ ೧

೧೯೫೯ರ ಸೆಪ್ಟೆಂಬರಿನಲ್ಲಿ ಕ್ರುಶ್ಚೇವ್ ಅಮೆರಿಕಕ್ಕೆ ಭೇಟಿ ನೀಡಿ, ಕ್ಯಾಂಪ್ ಡೇವಿಡ್‌ನಲ್ಲಿ ಐಸೆನ್‌ಹೋವರ್ ಅವರೊಂದಿಗೆ ಮಾತುಕತೆ ನಡೆಸಿದ್ದರು. ಬರ್ಲಿನ್ ಸಮಸ್ಯೆ ಮತ್ತು ಅಣ್ವಸ್ತ್ರ ಪರೀಕ್ಷೆಗಳ ನಿಷೇಧವನ್ನು ಚರ್ಚಿಸಲು ೧೯೬೦ರ ಮೇ ೧೬ರಂದು ಪ್ಯಾರಿಸ್ಸಿನಲ್ಲಿ ಸೇರುವುದೆಂದು ಮುಂದೆ ಗೊತ್ತಾಯಿತು. ಐಸೆನ್‌ಹೋವರ್ ಅವರು ಜೂನ್ ತಿಂಗಳಲ್ಲಿ ಸೋವಿಯತ್ ಒಕ್ಕೂಟಕ್ಕೆ ಭೇಟಿ ನೀಡುವವರಿದ್ದರು. ಕ್ರುಶ್ಚೇವ್ ಅವರು ಜನವರಿಯಲ್ಲಿ ತಮ್ಮ ಸೇನೆಯಿಂದ ೧೨ ಲಕ್ಷ ಮಂದಿಯನ್ನು ಕಡಿತ ಮಾಡುವುದಾಗಿ ಘೋಷಿಸಿ, ಸೇನಾಧಿಕಾರಿಗಳ ಅಸಮಾಧಾನಕ್ಕೂ ಗುರಿಯಾಗಿದ್ದರು. ಅಮೆರಿಕದ ಅಧ್ಯಕ್ಷರು ಮಾತಿಗೆ ನಿಲ್ಲುವ ಮನುಷ್ಯ ಎಂದು ಅವರು ಸ್ವದೇಶದಲ್ಲಿ ಹೇಳಿಕೊಂಡಿದ್ದರು ಎಂಬುದನ್ನು ಮುಂದಿನ ಘಟನೆಗಳನ್ನು ಓದುವಾಗ ನೆನಪಿಡಬೇಕು.

ಏಪ್ರಿಲ್ ೯ರಂದು ಪಾಕಿಸ್ತಾನದ ಪೇಷಾವರದಿಂದ ಹೊರಟ ಯು-೨ ಒಂದು ಸೆಮಿಪಲಾಟಿನ್‌ಸ್ಕ್, ಸಾರಿ ಶಗಾನ್ ಮತ್ತು ತ್ಯುರಾತಾಮ್ ನೆಲೆಗಳ ಚಿತ್ರ ತೆಗೆದು ಸುರಕ್ಷಿತವಾಗಿ ಮರಳಿತು. ಅದನ್ನು ತಡೆಯಲಾಗದ ಸೋವಿಯತ್ ವಾಯುರಕ್ಷಣಾ ಪಡೆಯವರಿಗೆ ಮುಖಭಂಗವಾಯಿತು. ಆಗಲೂ ಬಹಿರಂಗ ಪ್ರತಿಭಟನೆ ಬರಲಿಲ್ಲ. ಇದನ್ನು ಅಮೆರಿಕದ ಅಧಿಕಾರಿಗಳು ಸಹನೆಯೆಂದು ತಿಳಿದಂತೆ ತೋರುತ್ತದೆ. ಇನ್ನೊಂದು ಹಾರಾಟಕ್ಕೆ ಅಧ್ಯಕ್ಷರು ಒಪ್ಪಿದರು. ಆದರೆ ಶೃಂಗಸಭೆ ಹತ್ತಿರವಾಗುತ್ತಿದ್ದುದರಿಂದ ಮೇ ೧ರ ನಂತರ ಹಾರಾಟ ಕೂಡದು ಎಂದು ಗಡುವು ವಿಧಿಸಿದರು. ಹವಾಮಾನ ಕೂಡಿಬರದೆ ದಿನಗಳು ಕಳೆದು, ಕೊನೆಗೆ ಉಳಿದದ್ದು ಆ ಗಡುವಿನ ದಿನವೇ.

ಅದು ಸೋವಿಯತ್ ಒಕ್ಕೂಟದಲ್ಲಿ ಕಾರ್ಮಿಕ ದಿನದ ರಜೆ. ಆಕಾಶದಲ್ಲಿ ಇತರ ವಿಮಾನಗಳ ಸಂಚಾರ ಕಡಿಮೆಯಿದ್ದುದರಿಂದ ರಾಡಾರ್‌ನವರಿಗೆ ಕೆಲಸ ಸುಲಭವಾಯಿತು. ಪೇಷಾವರದಿಂದ ಹೊರಟು, ತ್ಯುರಾತಾಮ್, ಸ್ವೆರ್ದ್ಲೋವ್‌ಸ್ಕ್ ಮತ್ತು ಪ್ಲೆಸೆಟ್‌ಸ್ಕ್‌ಗಳ ಮೇಲೆ ಹಾರಿ, ನಾರ್ವೆಯ ಬೋಡೊ ಎಂಬಲ್ಲಿ ಇಳಿಯುವುದು ಯೋಜನೆ. ಸೋವಿಯತ್ ನೆಲವನ್ನು ದಕ್ಷಿಣದಿಂದ ಉತ್ತರಕ್ಕೆ ಪೂರ್ತಿಯಾಗಿ ದಾಟುವ ಮೊದಲ ಹಾರಾಟವಾಗಬೇಕಿದ್ದ ಇದರ ದೂರ ಸುಮಾರು ೬,೧೦೦ ಕಿ.ಮೀ., ಕಾಲ ಸುಮಾರು ಒಂಬತ್ತು ಗಂಟೆ.

ವಾಷಿಂಗ್ಟನ್ನಿನಿಂದ ಅಂತಿಮ ಅಪ್ಪಣೆ ಬರುವುದು ತಡವಾದ್ದರಿಂದ ಪವರ್ಸ್ ನಿಗದಿತ ವೇಳೆಗಿಂತ ೨೬ ನಿಮಿಷ ತಡವಾಗಿ ಮೇಲೇರಿದರು. ಆಗ ಅವರ ವಯಸ್ಸು ೩೦. ನಾಲ್ಕು ಗಂಟೆಗೂ ಹೆಚ್ಚು ಕಾಲ ಹಾರಿದ ನಂತರ, ಉರಲ್ ಪ್ರದೇಶದ ಸ್ವೆರ್ದ್ಲೋವ್‌ಸ್ಕ್ (ಇಂದಿನ ಯೆಕಟೆರಿನ್‌ಬರ್ಗ್) ಬಳಿ, ಎಸ್-೭೫ ಕ್ಷಿಪಣಿಯೊಂದು ಅವರ ವಿಮಾನದ ಹಿಂಬದಿಯಲ್ಲಿ ಸ್ಫೋಟಿಸಿತು. ಬಾಲ ಕಳಚಿಕೊಂಡ ವಿಮಾನ ತಿರುಗುತ್ತಾ ಕುಸಿಯತೊಡಗಿತು. ಪವರ್ಸ್ ಪ್ಯಾರಾಚ್ಯೂಟಿನ ನೆರವಿನಿಂದ ಕೊಸುಲಿನೊ ಎಂಬ ಹಳ್ಳಿಯ ಬಳಿ ಇಳಿದರು. ವಿಮಾನದ ಸ್ಫೋಟಕವನ್ನು ಚಾಲೂ ಮಾಡಲು ಅವರಿಗೆ ಆಗಿರಲಿಲ್ಲ. ಬೆಳ್ಳಿಯ ಡಾಲರ್ ನಾಣ್ಯದೊಳಗೆ ಅಡಗಿಸಿ ಕೊಟ್ಟಿದ್ದ ವಿಷದ ಸೂಜಿಯನ್ನು ಅವರು ಬಳಸಲಿಲ್ಲ. ಬಳಸಲೇಬೇಕೆಂಬ ಆಜ್ಞೆಯೂ ಇರಲಿಲ್ಲ.

ಆ ದಿನದ ಒಂದು ಸಾವು ಬಹಳ ಮಂದಿಗೆ ತಿಳಿಯದು. ಯು-೨ ವಿಮಾನ ಬಿದ್ದದ್ದು ನೆಲದ ಮೇಲಿನವರಿಗೆ ತತ್‌ಕ್ಷಣ ಖಚಿತವಾಗಲಿಲ್ಲ. ಗೊಂದಲದಲ್ಲಿ ಹಾರಿಸಿದ ಮತ್ತೊಂದು ಕ್ಷಿಪಣಿ ಅದೇ ವಿಮಾನವನ್ನು ಬೆನ್ನಟ್ಟಲು ಹೋಗಿದ್ದ ಸೋವಿಯತ್ ಮಿಗ್-೧೯ಕ್ಕೆ ತಗುಲಿ, ಅದರ ಚಾಲಕ ಸೆರ್ಗೆಯ್ ಸಫ್ರೊನೊವ್ ಮೃತಪಟ್ಟರು. ಸ್ವಂತ ಕ್ಷಿಪಣಿಗೆ ಸ್ವಂತ ಚಾಲಕ ಬಲಿಯಾದ ಈ ಸಂಗತಿಯನ್ನು ಸೋವಿಯತ್ ಸರ್ಕಾರ ಬಹುಕಾಲ ಹೊರಗೆಡಹಲಿಲ್ಲ. ಮುಚ್ಚಿಡುವುದರಲ್ಲಿ ಎರಡೂ ಕಡೆಯವರು ಸಮಾನರೇ.

ಹೇಳಿಕೆಗಳ ವಾರ

ಚಾಲಕ ಬದುಕಿರಲಾರ, ವಿಮಾನವೂ ನುಚ್ಚುನೂರಾಗಿರುತ್ತದೆ ಎಂದು ಅಮೆರಿಕದ ಅಧಿಕಾರಿಗಳು ಭಾವಿಸಿದರು. ಮೊದಲೇ ಸಿದ್ಧವಾಗಿದ್ದ ಕಥೆಯೊಂದು ಮೇ ೩ರಂದು ಹೊರಬಿದ್ದಿತು: ಟರ್ಕಿಯ ಮೇಲೆ ಹವಾಮಾನದ ಸಂಶೋಧನೆ ನಡೆಸುತ್ತಿದ್ದ ವಿಮಾನವೊಂದು ಕಾಣೆಯಾಗಿದೆ. ಚಾಲಕ ಆಮ್ಲಜನಕದ ತೊಂದರೆಯನ್ನು ವರದಿ ಮಾಡಿದ್ದನೆಂದೂ, ಪ್ರಜ್ಞೆ ತಪ್ಪಿದ್ದರಿಂದ ವಿಮಾನ ದಾರಿ ಬಿಟ್ಟಿರಬಹುದೆಂದೂ ಸೂಚಿಸಲಾಯಿತು.

ಮೇ ೫ರಂದು ಕ್ರುಶ್ಚೇವ್ ಅವರು ತಮ್ಮ ಸಂಸತ್ತಾದ ಸುಪ್ರೀಂ ಸೋವಿಯತ್‌ನಲ್ಲಿ, ಅಮೆರಿಕದ ವಿಮಾನವೊಂದನ್ನು ಹೊಡೆದುರುಳಿಸಿರುವುದಾಗಿ ಪ್ರಕಟಿಸಿದರು. ಚಾಲಕನ ಬಗ್ಗೆ ಬೇಕೆಂದೇ ಒಂದು ಮಾತನ್ನೂ ಆಡಲಿಲ್ಲ. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಹವಾಮಾನ ವಿಮಾನದ ಕಥೆಯನ್ನು ಇನ್ನಷ್ಟು ವಿವರವಾಗಿ ಹೇಳಿತು. ಮರುದಿನ ಇನ್ನೊಂದು ಯು-೨ ವಿಮಾನಕ್ಕೆ ನಾಸಾದ ಗುರುತು ಬಳಿದು ಪತ್ರಕರ್ತರಿಗೆ ತೋರಿಸಲಾಯಿತು. ಬಲೆ ಬಿಗಿಯಾದ ಮೇಲೆ, ಮೇ ೭ರಂದು, ಕ್ರುಶ್ಚೇವ್ ಉಳಿದ ವಿಷಯವನ್ನು ಹೊರಹಾಕಿದರು. ಚಾಲಕ ಜೀವಂತವಾಗಿದ್ದಾನೆ, ತಪ್ಪೊಪ್ಪಿಕೊಂಡಿದ್ದಾನೆ, ವಿಮಾನದ ಅವಶೇಷಗಳೂ ಕ್ಯಾಮೆರಾದ ಫಿಲ್ಮೂ ದೊರೆತಿವೆ. ಅವಶೇಷಗಳನ್ನು ಮುಂದೆ ಮಾಸ್ಕೋದ ಗೋರ್ಕಿ ಉದ್ಯಾನದಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ ಇಡಲಾಯಿತು.

ಅದೇ ದಿನ ಅಮೆರಿಕದ ವಿದೇಶಾಂಗ ಇಲಾಖೆ ಹಾರಾಟ ನಡೆದಿರಬಹುದೆಂದು ಒಪ್ಪಿಕೊಂಡಿತಾದರೂ, ವಾಷಿಂಗ್ಟನ್ ಅದಕ್ಕೆ ಅನುಮತಿ ನೀಡಿರಲಿಲ್ಲವೆಂದು ಹೇಳಿತು. ಈ ಹೇಳಿಕೆ ಮೊದಲಿನದಕ್ಕಿಂತಲೂ ಹೆಚ್ಚು ಅಪಾಯಕಾರಿಯಾಗಿತ್ತು. ಅಧ್ಯಕ್ಷರಿಗೆ ತಿಳಿಯದೆ ಕೆಳಗಿನ ಅಧಿಕಾರಿಗಳು ಪರಮಾಣು ಶಕ್ತಿರಾಷ್ಟ್ರವೊಂದರ ಮೇಲೆ ವಿಮಾನ ಹಾರಿಸಬಲ್ಲರು ಎಂಬ ಅರ್ಥ ಅದರಿಂದ ಹೊರಡುತ್ತಿತ್ತು. ಕ್ರುಶ್ಚೇವ್ ಅವರಿಗೂ ಐಸೆನ್‌ಹೋವರ್ ಅವರನ್ನು ಬೇರೆಯಾಗಿ ನೋಡುವ ಈ ದಾರಿ ಬೇಕಾಗಿತ್ತು. ತಪ್ಪನ್ನು ಗುಪ್ತಚರ ಅಧಿಕಾರಿಗಳ ತಲೆಗೆ ಕಟ್ಟಿ ಶೃಂಗಸಭೆಯನ್ನು ಉಳಿಸಿಕೊಳ್ಳಬಹುದೆಂದು ಅವರು ಎಣಿಸಿದ್ದರು. ಆದರೆ ಮೇ ೧೧ರ ಪತ್ರಿಕಾಗೋಷ್ಠಿಯಲ್ಲಿ ಐಸೆನ್‌ಹೋವರ್ ಅವರು, ಬೇಹುಗಾರಿಕೆ ಅಪ್ರಿಯವಾದರೂ ಅನಿವಾರ್ಯವೆಂದು ಹೇಳಿ, ಹೊಣೆಯನ್ನು ತಾವೇ ಹೊತ್ತುಕೊಂಡರು. ನೈತಿಕವಾಗಿ ಇದು ಮೆಚ್ಚಬೇಕಾದ ನಡೆ. ಆದರೆ ಎದುರಾಳಿಗೆ ಹಿಂದೆ ಸರಿಯಲು ಉಳಿದಿದ್ದ ಬಾಗಿಲೂ ಅದರಿಂದ ಮುಚ್ಚಿಹೋಯಿತು.

ಪ್ಯಾರಿಸ್ ಶೃಂಗಸಭೆ

ಮೇ ೧೬ರಂದು ಫ್ರಾನ್ಸಿನ ಅಧ್ಯಕ್ಷ ಷಾರ್ಲ್ ದ ಗಾಲ್, ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್, ಐಸೆನ್‌ಹೋವರ್ ಮತ್ತು ಕ್ರುಶ್ಚೇವ್ ಪ್ಯಾರಿಸ್ಸಿನಲ್ಲಿ ಸೇರಿದರು. ಅಮೆರಿಕ ಹಾರಾಟಗಳನ್ನು ಖಂಡಿಸಿ ನಿಲ್ಲಿಸಬೇಕು, ಹೊಣೆಗಾರರನ್ನು ಶಿಕ್ಷಿಸಬೇಕು ಎಂದು ಕ್ರುಶ್ಚೇವ್ ಪಟ್ಟು ಹಿಡಿದರು. ಹಾರಾಟಗಳನ್ನು ನಿಲ್ಲಿಸಲಾಗಿದೆ, ಮತ್ತೆ ಆರಂಭಿಸುವುದಿಲ್ಲ ಎಂದು ಐಸೆನ್‌ಹೋವರ್ ತಿಳಿಸಿದರು; ಕ್ಷಮೆ ಕೇಳಲು ಒಪ್ಪಲಿಲ್ಲ. ಸಭೆ ಅಲ್ಲಿಗೇ ಮುಗಿಯಿತು. ಜೂನ್ ತಿಂಗಳ ಭೇಟಿಗೆ ನೀಡಿದ್ದ ಆಹ್ವಾನವೂ ರದ್ದಾಯಿತು.

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಸೋವಿಯತ್ ಒಕ್ಕೂಟ ಮಂಡಿಸಿದ ಖಂಡನಾ ನಿರ್ಣಯ ಮೇ ೨೬ರಂದು ಬಿದ್ದುಹೋಯಿತು. ಅದರ ಪರವಾಗಿ ಬಂದದ್ದು ಸೋವಿಯತ್ ಒಕ್ಕೂಟ ಮತ್ತು ಪೋಲೆಂಡುಗಳ ಎರಡು ಮತ, ವಿರುದ್ಧ ಏಳು. ಸಿಲೋನ್ ಮತ್ತು ಟ್ಯುನೀಸಿಯಾ ತಟಸ್ಥವಾಗಿದ್ದವು. ಆ ಚರ್ಚೆಯಲ್ಲಿ ಅಮೆರಿಕದ ಪ್ರತಿನಿಧಿ ಹೆನ್ರಿ ಕ್ಯಾಬಟ್ ಲಾಡ್ಜ್ ಮರದಲ್ಲಿ ಕೆತ್ತಿದ ರಾಷ್ಟ್ರಲಾಂಛನವೊಂದನ್ನು ತೆರೆದು ತೋರಿಸಿದರು. ಸೋವಿಯತ್‌ನವರು ಮಾಸ್ಕೋದ ಅಮೆರಿಕನ್ ರಾಯಭಾರಿಗೆ ಉಡುಗೊರೆಯಾಗಿ ಕೊಟ್ಟಿದ್ದ ಆ ಲಾಂಛನದೊಳಗೆ ಕದ್ದು ಕೇಳುವ ಸಾಧನವಿತ್ತು.

ನೆಲೆ ಒದಗಿಸಿದ ದೇಶಗಳು

ಮಹಾಶಕ್ತಿಗಳ ಈ ಜಗಳದಲ್ಲಿ ನಿಜವಾದ ಬೆದರಿಕೆಗೆ ಒಳಗಾದವು ಸಣ್ಣ ರಾಷ್ಟ್ರಗಳು. ವಿಮಾನ ಹೊರಟದ್ದು ಪಾಕಿಸ್ತಾನದಿಂದ, ಇಳಿಯಬೇಕಿದ್ದುದು ನಾರ್ವೆಯಲ್ಲಿ, ಅದರ ಕಾಯಂ ನೆಲೆ ಟರ್ಕಿಯ ಇಂಚಿರ್ಲಿಕ್. ಮೂರು ದೇಶಗಳಿಗೂ ಸೋವಿಯತ್ ಒಕ್ಕೂಟ ಪ್ರತಿಭಟನಾ ಪತ್ರ ಕಳುಹಿಸಿತು. ಇಂತಹ ಹಾರಾಟ ಮರುಕಳಿಸಿದರೆ ನೆಲೆಗಳ ಮೇಲೆಯೇ ಪ್ರತಿದಾಳಿ ನಡೆಸುವುದಾಗಿ ಎಚ್ಚರಿಸಿತು. ಪೇಷಾವರವನ್ನು ನಕ್ಷೆಯಲ್ಲಿ ಗುರುತು ಹಾಕಿಟ್ಟಿರುವುದಾಗಿ ಕ್ರುಶ್ಚೇವ್ ಪಾಕಿಸ್ತಾನದ ರಾಯಭಾರಿಗೆ ಹೇಳಿದರೆಂಬುದು ಪ್ರಸಿದ್ಧವಾಗಿದೆ. ಪೇಷಾವರದ ನಾಗರಿಕರಿಗೆ ಆ ವಿಮಾನದ ಉದ್ದೇಶದ ಬಗ್ಗೆ ಏನೂ ತಿಳಿದಿರಲಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಎರಡು ತಿಂಗಳ ನಂತರ, ಜುಲೈ ೧ರಂದು, ಬ್ಯಾರೆಂಟ್ಸ್ ಸಮುದ್ರದ ಮೇಲೆ ಅಮೆರಿಕದ ಆರ್‌ಬಿ-೪೭ ವಿಮಾನವನ್ನು ಸೋವಿಯತ್ ಯುದ್ಧವಿಮಾನ ಹೊಡೆದುರುಳಿಸಿತು. ಆರು ಮಂದಿಯಲ್ಲಿ ನಾಲ್ವರು ಸತ್ತರು. ಅದು ಅಂತರರಾಷ್ಟ್ರೀಯ ಆಕಾಶದಲ್ಲಿತ್ತೆಂದು ಅಮೆರಿಕವೂ, ಗಡಿ ದಾಟಿತ್ತೆಂದು ಸೋವಿಯತ್ ಒಕ್ಕೂಟವೂ ವಾದಿಸಿದವು.

ವಿಚಾರಣೆ ಮತ್ತು ಬಿಡುಗಡೆ

ಪವರ್ಸ್ ಅವರ ವಿಚಾರಣೆ ೧೯೬೦ರ ಆಗಸ್ಟ್ ೧೭ರಿಂದ ೧೯ರವರೆಗೆ ಮಾಸ್ಕೋದಲ್ಲಿ ನಡೆಯಿತು. ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಸೋವಿಯತ್ ಅಭಿಯೋಜಕರಾಗಿದ್ದ ರೊಮಾನ್ ರುದೆಂಕೊ ಅವರೇ ಇಲ್ಲಿಯೂ ಅಭಿಯೋಜಕರು. ಹತ್ತು ವರ್ಷಗಳ ಶಿಕ್ಷೆ ವಿಧಿಸಲಾಯಿತು. ೧೯೬೨ರ ಫೆಬ್ರವರಿ ೧೦ರಂದು ಬರ್ಲಿನ್ ಮತ್ತು ಪಾಟ್ಸ್‌ಡ್ಯಾಮ್ ನಡುವಿನ ಗ್ಲೀನಿಕ್ ಸೇತುವೆಯ ಮೇಲೆ ಅವರನ್ನು, ಅಮೆರಿಕದಲ್ಲಿ ಸೆರೆಯಲ್ಲಿದ್ದ ಸೋವಿಯತ್ ಗೂಢಚಾರ ರುಡಾಲ್ಫ್ ಏಬೆಲ್ ಅವರೊಂದಿಗೆ ವಿನಿಮಯ ಮಾಡಿಕೊಳ್ಳಲಾಯಿತು. ಇದನ್ನು ಆಧರಿಸಿ ಸ್ಟೀವನ್ ಸ್ಪೀಲ್‌ಬರ್ಗ್ ೨೦೧೫ರಲ್ಲಿ ‘ಬ್ರಿಜ್ ಆಫ್ ಸ್ಪೈಸ್’ ಚಲನಚಿತ್ರವನ್ನು ನಿರ್ದೇಶಿಸಿದರು.

ಸ್ವದೇಶದಲ್ಲಿ ಪವರ್ಸ್ ಅವರನ್ನು, ಸಾಯಲಿಲ್ಲವೇಕೆ ಎಂಬ ಅನುಮಾನದ ಕಣ್ಣುಗಳು ಎದುರುಗೊಂಡವು. ವಿಚಾರಣಾ ಮಂಡಳಿ ಅವರದು ತಪ್ಪಿಲ್ಲವೆಂದು ಹೇಳಿದರೂ ಕಳಂಕ ಸಂಪೂರ್ಣ ಅಳಿಯಲಿಲ್ಲ. ೧೯೭೭ರ ಆಗಸ್ಟ್ ೧ರಂದು, ದೂರದರ್ಶನ ವಾಹಿನಿಯೊಂದಕ್ಕಾಗಿ ಹಾರಿಸುತ್ತಿದ್ದ ಹೆಲಿಕಾಪ್ಟರ್ ಲಾಸ್ ಏಂಜಲೀಸಿನಲ್ಲಿ ಉರುಳಿ ಅವರು ಮರಣಹೊಂದಿದರು. ‘ಸಿಲ್ವರ್ ಸ್ಟಾರ್’ ಪದಕ ೨೦೧೨ರಲ್ಲಿ ಮರಣೋತ್ತರವಾಗಿ ಬಂದಿತು.

ಉಪಗ್ರಹಗಳ ಯುಗ

ಮಾಸ್ಕೋದಲ್ಲಿ ಪವರ್ಸ್ ಅವರಿಗೆ ಶಿಕ್ಷೆ ಪ್ರಕಟವಾದ ಆಗಸ್ಟ್ ೧೯ರಂದೇ, ಅಮೆರಿಕದ ಕರೋನಾ ಎಂಬ ಗುಪ್ತ ಉಪಗ್ರಹ ಯೋಜನೆಯ ಮೊದಲ ಫಿಲ್ಮಿನ ಪೆಟ್ಟಿಗೆಯನ್ನು ಪೆಸಿಫಿಕ್ ಸಾಗರದ ಮೇಲೆ ವಿಮಾನವೊಂದು ಗಾಳಿಯಲ್ಲೇ ಹಿಡಿಯಿತು. ಆ ಒಂದೇ ಪೆಟ್ಟಿಗೆಯಲ್ಲಿ, ಅದುವರೆಗಿನ ಎಲ್ಲ ಯು-೨ ಹಾರಾಟಗಳು ಸೆರೆಹಿಡಿದಿದ್ದಕ್ಕಿಂತ ಹೆಚ್ಚಿನ ಸೋವಿಯತ್ ಪ್ರದೇಶದ ಚಿತ್ರಗಳಿದ್ದವು. ಉಪಗ್ರಹ ಹಾಯುವುದನ್ನು ವಾಯುಪ್ರದೇಶದ ಉಲ್ಲಂಘನೆಯೆಂದು ಹೇಳುವುದು ಸೋವಿಯತ್ ಒಕ್ಕೂಟಕ್ಕೆ ಕಷ್ಟವಾಗಿತ್ತು. ಯಾರ ಅನುಮತಿಯನ್ನೂ ಕೇಳದೆ ಎಲ್ಲರ ತಲೆಯ ಮೇಲೆ ಮೊದಲು ಹಾದುಹೋದದ್ದು ಅದರ ಸ್ಪುಟ್ನಿಕ್ಕೇ.

ಯು-೨ ವಿಮಾನಗಳು ಮಾತ್ರ ಸೇವೆಯಿಂದ ಹಿಂದೆ ಸರಿಯಲಿಲ್ಲ. ೧೯೬೨ರ ಅಕ್ಟೋಬರಿನಲ್ಲಿ ಕ್ಯೂಬಾದಲ್ಲಿದ್ದ ಸೋವಿಯತ್ ಕ್ಷಿಪಣಿಗಳನ್ನು ಪತ್ತೆಹಚ್ಚಿದ್ದು ಇವೇ. ಅದೇ ತಿಂಗಳ ೨೭ರಂದು ಕ್ಯೂಬಾದ ಮೇಲೆ ಒಂದು ಯು-೨ ಕ್ಷಿಪಣಿಗೆ ತುತ್ತಾಗಿ ಚಾಲಕ ರುಡಾಲ್ಫ್ ಆಂಡರ್ಸನ್ ಮಡಿದರು. ಅಂದೇ ಇನ್ನೊಂದು ವಿಮಾನ ಉತ್ತರ ಧ್ರುವದ ಬಳಿ ದಾರಿತಪ್ಪಿ ಸೈಬೀರಿಯಾದ ಈಶಾನ್ಯ ತುದಿಯನ್ನು ಹೊಕ್ಕಿತು. ಅದು ಹೇಗೋ ಮರಳಿ ಬಂದಿತು.

ಭಾರತದೊಂದಿಗೆ ಸಂಬಂಧ

ಪ್ಯಾರಿಸ್ ಸಭೆ ಮುರಿದ ನಂತರ, ೧೯೬೦ರ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಜವಾಹರಲಾಲ್ ನೆಹರೂ ಅವರು ಟಿಟೊ, ನಾಸೆರ್, ಸುಕಾರ್ನೊ ಮತ್ತು ಎನ್‌ಕ್ರುಮಾ ಅವರೊಡಗೂಡಿ, ಇಬ್ಬರು ನಾಯಕರೂ ಮತ್ತೆ ಸಂಪರ್ಕ ಬೆಳೆಸಬೇಕೆಂಬ ನಿರ್ಣಯ ಮಂಡಿಸಿದರು. ಅದರ ತಿರುಳನ್ನೇ ತೆಗೆಯುವ ತಿದ್ದುಪಡಿ ಬಂದಾಗ ಹಿಂದಕ್ಕೆ ಪಡೆದರು.

೧೯೬೨ರ ಚೀನಾ ಯುದ್ಧದ ನಂತರ ಪರಿಸ್ಥಿತಿ ಬದಲಾಯಿತು. ಗಡಿಪ್ರದೇಶಗಳ ಮೇಲೆ ಯು-೨ ಹಾರಾಟಕ್ಕೆ ಭಾರತ ಸಮ್ಮತಿಸಿತು. ಮೊದಲಿಗೆ ಆ ವಿಮಾನಗಳು ಥಾಯ್ಲೆಂಡಿನ ತಾಖ್ಲಿಯಿಂದ ಬರುತ್ತಿದ್ದವು. ೧೯೬೩ರಲ್ಲಿ ಒಡಿಶಾದ ಚರ್ಬಾಟಿಯಾದಲ್ಲಿದ್ದ ಮಹಾಯುದ್ಧ ಕಾಲದ ಹಳೆಯ ವಿಮಾನನೆಲೆಯನ್ನು ಬಳಸಲು ಒಪ್ಪಿಗೆ ದೊರೆಯಿತು. ಅಲ್ಲಿಂದ ೧೯೬೪ರ ಮೇ ೨೪ರಂದು ಒಂದು ಹಾರಾಟ ನಡೆಯಿತು. ಮೂರು ದಿನಗಳ ನಂತರ ನೆಹರೂ ನಿಧನರಾದರು, ಕಾರ್ಯಾಚರಣೆಯನ್ನು ತಡೆಹಿಡಿಯಲಾಯಿತು. ಸಿಐಎ ತನ್ನ ಯು-೨ ಇತಿಹಾಸದ ಈ ಪುಟಗಳನ್ನು ೨೦೧೩ರಲ್ಲಿ ಬಹಿರಂಗಗೊಳಿಸುವವರೆಗೆ ಈ ವಿವರಗಳು ಸಾರ್ವಜನಿಕರ ಗಮನಕ್ಕೆ ಬಂದಿರಲಿಲ್ಲ.

ಪವರ್ಸ್ ಹಾರಿಸುತ್ತಿದ್ದ ವಿಮಾನದ ಅವಶೇಷಗಳು ಮಾಸ್ಕೋದ ಸಶಸ್ತ್ರ ಪಡೆಗಳ ಕೇಂದ್ರ ವಸ್ತುಸಂಗ್ರಹಾಲಯದಲ್ಲಿವೆ.